ಮನೆ ಸಿಕ್ಕಿತು, ದುಡಿಮೆ ಎಲ್ಲಿ?

ಭಾನುವಾರದ ಬಲಿಪೂಜೆ ಮುಗಿದಿದೆ. ದೇವಾಲಯದ ಅಂಗಳದಲ್ಲಿ ಇಬ್ಬರು ತಾಯಂದಿರು ನಿಂತು ಮಾತನಾಡುತ್ತಿದ್ದಾರೆ. ಹುಬ್ಬಳ್ಳಿ-ಧಾರವಾಡದ ಯಾವ ಧರ್ಮಕೇಂದ್ರದಲ್ಲಾದರೂ ಕೇಳಿಬರಬಹುದಾದ ಮಾತು ಇದು.

"ಹೊಸಾ ಮನಿ ಸಿಕ್ತಂತಲ್ಲವ್ವಾ, ಛಲೋ ಆತು ಬಿಡು."

"ಹೂನ್ರಿ ಅಕ್ಕಾರ, ದೇವರು ದೊಡ್ಡಾಂವ. ಮಳಿಗೆ ಸೋರೂದಿಲ್ಲ, ನಳಾ ಐತಿ, ಕರೆಂಟ್ ಐತಿ. ಆದ್ರ ಮೊದಲ ಇದ್ದಲ್ಲಿ ನಾಕ್ ಮನಿ ಭಾಂಡೆ-ಕಸಾ ಮಾಡತಿದ್ನಿ, ನಡಕೋಂತ ಹೋಗಿ ಬರತಿದ್ನಿ. ಈಗ ಅಲ್ಲಿಗೆ ಹೋಗಬೇಕಂದ್ರ ಎರಡ ಬಸ್ ಬದಲಿ ಮಾಡಬೇಕ್ರಿ. ಹೊತ್ತಾಗತೈತಿ ಅಂತ ಮೂರ ಮನಿಯವ್ರು ಬಿಡಿಸ್ಯಾರ. ಇವರಿಗೆ ಗೌಂಡಿ ಕೆಲಸ ವಾರದಾಗ ಮೂರ ದಿನ ಸಿಕ್ಕರ ಹೆಚ್ಚು. ಮಗಾ ಎಸ್ಸೆಸ್ಸೆಲ್ಸಿ ಪಾಸಾಗಿ ಮನ್ಯಾಗ ಕುಂತಾನ."

"ಎಲ್ಲೆರ ಅರ್ಜಿ ಹಾಕೀರೇನು?"

"ಎಲ್ಲಿ ಹಾಕೂದು, ಯಾರನ್ನ ಕೇಳೂದು, ಅದ ಗೊತ್ತಿಲ್ರಿ ಅಕ್ಕಾರ."

ಈ ಕೊನೆಯ ಮಾತೇ ಇಂದಿನ ನಮ್ಮ ಪಾಠ. ಆ ತಾಯಿಗೆ ದುಡಿಯುವ ಮನಸ್ಸಿಲ್ಲವೆಂದಲ್ಲ. ಮಗನಿಗೆ ಬುದ್ಧಿಯಿಲ್ಲವೆಂದೂ ಅಲ್ಲ. ಕೆಲಸದ ಬಾಗಿಲು ಎಲ್ಲಿದೆಯೆಂದು ತೋರಿಸುವ ಕೈ ಅವರಿಗೆ ಸಿಕ್ಕಿಲ್ಲ. ಆ ಕೈ ನಮ್ಮದಾಗಬಹುದೇ ಎಂದು ಕುಟುಂಬವಾಗಿ ಕುಳಿತು ಆಲೋಚಿಸೋಣ.

ಸೂರು ಒಂದೇ ಸಾಕೇ?

ನಮ್ಮ ರಾಜ್ಯದಲ್ಲಿ ಕೊಳಗೇರಿಗಳ ಸುಧಾರಣೆಗಾಗಿ 1973ರಲ್ಲಿ ಕಾನೂನು ಬಂದಿತು. 1975ರಲ್ಲಿ ಮಂಡಳಿ ಸ್ಥಾಪನೆಯಾಯಿತು. ಆಗ ಅದರ ಹೆಸರಿನಲ್ಲಿ 'ನಿರ್ಮೂಲನ' ಎಂಬ ಪದವಿತ್ತು. ಈಗ ಅದು ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ. ಹೆಸರು ಬದಲಾದದ್ದು ಒಳ್ಳೆಯ ಸೂಚನೆ. ಗುಡಿಸಲನ್ನು ತೆಗೆದರೆ ಬಡತನ ಹೋಗುವುದಿಲ್ಲವೆಂಬ ಅರಿವು ಅದರಲ್ಲಿದೆ. 2005ರ ನೆಹರೂ ನಗರ ನವೀಕರಣ ಯೋಜನೆ, 2015ರ ಪ್ರಧಾನ ಮಂತ್ರಿ ಆವಾಸ್ ಯೋಜನೆ ಮುಂತಾದವುಗಳಿಂದ ನಗರದ ಬಡವರಿಗಾಗಿ ಪಕ್ಕಾ ಮನೆಗಳು ಎದ್ದಿವೆ. ಇದಕ್ಕಾಗಿ ಕೃತಜ್ಞರಾಗಿರೋಣ.

ಆದರೆ ಬಡವರ ದುಡಿಮೆ ಅವರು ಇರುವ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮನೆಗೆಲಸದವಳಿಗೆ ಹತ್ತಿರದ ಬಡಾವಣೆ ಬೇಕು, ಕಾಯಿಪಲ್ಲೆ ಮಾರುವವಳಿಗೆ ಸಂತೆ ಬೇಕು, ಹಮಾಲಿಗೆ ಪೇಟೆ ಬೇಕು, ಗೌಂಡಿಗೆ ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ವೃತ್ತ ಬೇಕು. ಊರಿನ ನಡುವೆ ಭೂಮಿಯ ಬೆಲೆ ಏರಿದಂತೆ ಬಡವರ ಮನೆಗಳು ಊರಿನ ಅಂಚಿಗೆ ಸರಿಯುತ್ತವೆ. ಆಗ ಮನೆ ಬಂದರೂ ದುಡಿಮೆ ಹಿಂದೆಯೇ ಉಳಿಯುತ್ತದೆ. ಮನೆಯ ಸಾಲದ ಕಂತು, ಕರೆಂಟು ಬಿಲ್ಲು ಮಾತ್ರ ತಪ್ಪದೆ ಬರುತ್ತವೆ. ಕೆಲವರು ಮನೆಗೆ ಬೀಗ ಹಾಕಿಯೋ ಬಾಡಿಗೆಗೆ ಕೊಟ್ಟೋ ಹಳೆಯ ಜಾಗಕ್ಕೆ ಮರಳಿದರೆ "ಇವರಿಗೆ ಕೊಟ್ಟದ್ದು ವ್ಯರ್ಥ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುವ ಮುಂಚೆ ಅವರ ಬುತ್ತಿಯ ಡಬ್ಬಿ ತೆರೆದು ನೋಡಬೇಕು.

ಹುಬ್ಬಳ್ಳಿಯ ಇತಿಹಾಸದಲ್ಲಿ ಇನ್ನೊಂದು ಪಾಠವೂ ಇದೆ. 'ಸೆಟ್ಲಮೆಂಟ್' ಎಂಬ ಭಾಗ ನಮಗೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಕೆಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿ, ಕಾನೂನಿನ ಬಲದಿಂದ ತಂದು ಇರಿಸಿದ ಜಾಗ ಅದು. ಅವರಿಗೆ ವಾಸಕ್ಕೆ ಸ್ಥಳವೂ ಇತ್ತು, ದುಡಿಮೆಯೂ ಇತ್ತು. ಆದರೆ ಹಾಜರಿ ಕೊಡದೆ ಹೊರಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಳಂಕವನ್ನು ಕಾನೂನಿನ ಪುಸ್ತಕದಿಂದ ಅಳಿಸಿತು. ಸೂರು ಇದ್ದು ದುಡಿಮೆ ಇಲ್ಲದಿದ್ದರೆ ಹಸಿವು. ಸೂರು, ದುಡಿಮೆ ಎರಡೂ ಇದ್ದು ಮರ್ಯಾದೆ ಇಲ್ಲದಿದ್ದರೆ ಅದು ಬಂದೀಖಾನೆ. ಮನುಷ್ಯನಿಗೆ ಈ ಮೂರೂ ಬೇಕು.

ಸಂಜೆ ಐದಕ್ಕೂ ಹೊರಟ ಯಜಮಾನ

ದ್ರಾಕ್ಷಾತೋಟದ ಕೂಲಿಯಾಳುಗಳ ಸಾಮತಿ ನಮಗೆ ಪರಿಚಿತ. ಸಂತ ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಸಾಮಾನ್ಯವಾಗಿ ನಾವು ಅದರ ಕೊನೆಯ ಭಾಗವನ್ನು, ಅಂದರೆ ಎಲ್ಲರಿಗೂ ಸಮ ಕೂಲಿ ಸಿಕ್ಕಿದ್ದನ್ನು ಕುರಿತು ಮಾತನಾಡುತ್ತೇವೆ. ಇಂದು ಅದರ ಮೊದಲ ಭಾಗವನ್ನು ಗಮನಿಸೋಣ. ಆ ಯಜಮಾನ ದಿನಕ್ಕೆ ಐದು ಸಲ ಪೇಟೆಗೆ ಹೋದ. ಸಂಜೆಯ ಹೊತ್ತಿನಲ್ಲಿ ಇನ್ನೂ ನಿಂತಿದ್ದವರನ್ನು ಕಂಡು ಅವನು ಮೊದಲು ಬೈಯಲಿಲ್ಲ. ಏಕೆ ನಿಂತಿದ್ದೀರಿ ಎಂದು ಕೇಳಿದ. ತಮ್ಮನ್ನು ಯಾರೂ ಕೆಲಸಕ್ಕೆ ಕರೆದಿಲ್ಲವೆಂದು ಅವರು ಹೇಳಿದರು. ಅವನು ಆ ಉತ್ತರವನ್ನು ನಂಬಿದ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಕೆಲಸವಿಲ್ಲದವನನ್ನು ಸೋಮಾರಿ ಎಂದು ಕರೆಯುವ ಮುಂಚೆ ಕಾರಣ ಕೇಳಬೇಕು. ಅವನು ನಮ್ಮ ಬಾಗಿಲಿಗೆ ಬರಲೆಂದು ಕಾಯದೆ ನಾವೇ ಅವನು ನಿಂತಲ್ಲಿಗೆ ಹೋಗಬೇಕು.

ಜಗದ್ಗುರು 13ನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಸ್ಥಿತಿಗತಿ ಕುರಿತು ವಿಶ್ವಪತ್ರ ಬರೆದರು. ಜಗದ್ಗುರು 12ನೆಯ ಪಿಯುಸ್ ಅವರು 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಗೊತ್ತುಪಡಿಸಿದರು. ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ಮಾನವ ದುಡಿಮೆಯನ್ನೇ ವಿಷಯವಾಗಿಟ್ಟುಕೊಂಡು ಬರೆದ ಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬ ಭಾವವನ್ನು ಸ್ಪಷ್ಟಪಡಿಸಿದರು. ನಿರುದ್ಯೋಗಿಗೆ ಕೆಲಸದ ದಾರಿ ತೋರಿಸುವುದು ಧರ್ಮಸಭೆಗೆ ಹೊಸ ಹವ್ಯಾಸವೇನಲ್ಲವೆಂದು ಇದರಿಂದ ತಿಳಿಯುತ್ತದೆ.

ಡಾನ್ ಬೋಸ್ಕೊ ಬರೆಸಿದ ಕರಾರು

ಕೆಲಸ ಕೊಡಿಸಿದರೆ ಮುಗಿಯಿತೇ? ಸಂತ ಜಾನ್ ಬೋಸ್ಕೊ ಹಾಗೆ ತಿಳಿಯಲಿಲ್ಲ. 1850ರ ದಶಕದ ಆರಂಭದಲ್ಲಿ ಇಟಲಿಯ ಟ್ಯೂರಿನ್ ನಗರಕ್ಕೆ ಹಳ್ಳಿಗಳಿಂದ ಬಡ ಹುಡುಗರು ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಅಂಗಡಿ-ಕಾರ್ಖಾನೆಗಳ ಮಾಲೀಕರು ಕೆಲಸ ಕಲಿಸುವ ನೆಪದಲ್ಲಿ ಅವರನ್ನು ಮನೆಯ ಚಾಕರಿಗೆ ಹಚ್ಚುತ್ತಿದ್ದರು, ಹೊಡೆಯುತ್ತಿದ್ದರು. ಡಾನ್ ಬೋಸ್ಕೊ ಮಾಲೀಕನನ್ನೂ ಹುಡುಗನನ್ನೂ ಕೂರಿಸಿ ಬರವಣಿಗೆಯಲ್ಲಿ ಕರಾರು ಮಾಡಿಸಿದರು. ಕಸುಬನ್ನೇ ಕಲಿಸಬೇಕು, ಹೊಡೆಯಬಾರದು, ಭಾನುವಾರ ಬಿಡುವು ಕೊಡಬೇಕು, ಹುಡುಗ ಕಲಿತಂತೆ ಕೂಲಿ ಏರಬೇಕು ಎಂಬುದು ಅದರ ಸಾರ. ಹುಡುಗನೂ ವಿಧೇಯನಾಗಿ ಶ್ರದ್ಧೆಯಿಂದ ಕೆಲಸ ಮಾಡುವೆನೆಂದು ಒಪ್ಪಬೇಕಿತ್ತು. ಅವರು ಸ್ವತಃ ಅದಕ್ಕೆ ಸಹಿ ಹಾಕಿ, ಆಮೇಲೆ ಕೆಲಸದ ಜಾಗಕ್ಕೇ ಹೋಗಿ ವಿಚಾರಿಸುತ್ತಿದ್ದರು. ಕೆಲಸಕ್ಕೆ ಸೇರಿಸಿದ ಮೇಲೆ ಕೈಬಿಡದಿರುವುದು, ಇದೇ ಅವರ ವಿಧಾನದ ಗುಟ್ಟು.

ದೂರದ ದೇಶದ ಒಂದು ಪ್ರಯೋಗ

ಬಡವರಿಗೆ ಸರಕಾರ ಕಟ್ಟಿಸಿದ ಮನೆಗಳಲ್ಲಿ ನಿರುದ್ಯೋಗ ಹೆಚ್ಚಿರುವುದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ 1998ರಿಂದ 'ಜಾಬ್ಸ್-ಪ್ಲಸ್' ಎಂಬ ಪ್ರಯೋಗವನ್ನು ಕೆಲವು ನಗರಗಳ ಸರಕಾರಿ ವಸತಿಗಳಲ್ಲಿ ನಡೆಸಿದರು. ಅದಕ್ಕೆ ಮೂರು ಕಾಲುಗಳಿದ್ದವು. ಒಂದು, ಉದ್ಯೋಗ ಸಹಾಯದ ಕಚೇರಿಯನ್ನು ಆ ಮನೆಗಳ ನಡುವೆಯೇ ತೆರೆದದ್ದು. ಎರಡು, ಗಳಿಕೆ ಹೆಚ್ಚಿದ ಕೂಡಲೇ ಬಾಡಿಗೆಯೂ ಏರಿ ಗಳಿಸಿದ್ದೆಲ್ಲ ಹೋಗದಂತೆ ನಿಯಮ ಸಡಿಲಿಸಿದ್ದು. ಮೂರು, ನೆರೆಹೊರೆಯವರೇ ಒಬ್ಬರಿಗೊಬ್ಬರು ಕೆಲಸದ ಸುದ್ದಿ ತಲುಪಿಸಿ ಧೈರ್ಯ ಹೇಳುವ ಏರ್ಪಾಟು.

ಫಲವೇನಾಯಿತು? ಮೂರೂ ಅಂಶಗಳನ್ನು ಚೆನ್ನಾಗಿ ನಡೆಸಿದ ಡೇಟನ್, ಲಾಸ್ ಏಂಜಲೀಸ್, ಸೇಂಟ್ ಪಾಲ್ ನಗರಗಳಲ್ಲಿ, ಇಂಥ ಸಹಾಯವಿಲ್ಲದ ವಸತಿಗಳವರಿಗಿಂತ ನಿವಾಸಿಗಳ ಗಳಿಕೆ ಏಳು ವರ್ಷಗಳ ಅವಧಿಯಲ್ಲಿ ಸರಾಸರಿ ಶೇಕಡ 16ರಷ್ಟು ಹೆಚ್ಚಾಯಿತು. ಪೂರ್ತಿ ನಡೆಸದ ಕಡೆ ಅಂಥ ಫಲ ಕಾಣಲಿಲ್ಲ. ಮೊದಲ ಎರಡು ಕಾಲುಗಳು ಸರಕಾರದ ಕೈಯಲ್ಲಿವೆ. ಮೂರನೆಯದು, ನೆರೆಯವನು ನೆರೆಯವನಿಗೆ ಆಗುವುದು, ನಮ್ಮ ಕೈಯಲ್ಲಿದೆ. ಅದಕ್ಕೆ ಬಜೆಟ್ಟೂ ಬೇಡ, ಆದೇಶವೂ ಬೇಡ.

ನಮ್ಮ ಊರಿನ ಬಾಗಿಲುಗಳು

ಈಗ ಆ ತಾಯಿಯ ಮನೆಗೆ ಮರಳೋಣ. ಮೊದಲು ಮಗನ ವಿಷಯ.

ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐ.ಟಿ.ಐ., ಒಳ್ಳೆಯ ದಾರಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸರಕಾರಿ ಐ.ಟಿ.ಐ. ಇದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಕಸುಬಿಗೆ ಎರಡು ವರ್ಷ, ವೆಲ್ಡರ್ ಕಸುಬಿಗೆ ಒಂದು ವರ್ಷ. ವೆಲ್ಡರ್, ಹೊಲಿಗೆ ಮುಂತಾದ ಕೆಲವು ಕಸುಬುಗಳಿಗೆ ಎಂಟನೆಯ ತರಗತಿ ಪಾಸಾಗಿದ್ದರೂ ಸೇರಬಹುದು. ಹತ್ತನೆಯ ತರಗತಿಯಲ್ಲಿ ಫೇಲಾದ ಮಗನ ಬದುಕೇ ಮುಗಿಯಿತೆಂದು ಅಳುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಐ.ಟಿ.ಐ. ಮುಗಿದ ಮೇಲೆ ಅಪ್ರೆಂಟಿಸ್ ತರಬೇತಿ. 1961ರ ಕಾನೂನಿನಿಂದ ಬಂದ ಈ ಪದ್ಧತಿಯಲ್ಲಿ ಹುಡುಗ ಕಾರ್ಖಾನೆಯಲ್ಲೇ ಕಲಿಯುತ್ತಾನೆ, ತಿಂಗಳಿಗೆ ಭತ್ಯೆ ಪಡೆಯುತ್ತಾನೆ. ನಮ್ಮ ಹುಬ್ಬಳ್ಳಿ 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಸ್ಥಾನ. ಇಲ್ಲಿಯ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್‌ಗಳನ್ನು ಆರಿಸುವಾಗ ಪ್ರತ್ಯೇಕ ಲಿಖಿತ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐ.ಟಿ.ಐ. ಅಂಕಗಳನ್ನು ಕೂಡಿಸಿ ಪಟ್ಟಿ ಮಾಡುತ್ತಾರೆ. ಆದ್ದರಿಂದ "ನಾನು ನಿಮ್ಮ ಮಗನ್ನ ಒಳಗ ಹಾಕಿಸ್ತೀನಿ, ಇಷ್ಟು ಕೊಡ್ರಿ" ಎಂದು ಬರುವವನು ಮೋಸಗಾರನೆಂದೇ ತಿಳಿಯಿರಿ. ಅಪ್ರೆಂಟಿಸ್ ಆದ ಮಾತ್ರಕ್ಕೆ ಕಾಯಂ ನೌಕರಿ ಸಿಕ್ಕಂತಲ್ಲ, ಇದನ್ನೂ ಮಗನಿಗೆ ಮೊದಲೇ ಹೇಳಬೇಕು. ಆದರೆ ಕೈಯಲ್ಲಿ ಕಸುಬು ಮತ್ತು ಪ್ರಮಾಣಪತ್ರ ಎರಡೂ ಇದ್ದವನಿಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಾಗಲಿ ಕೇಳುವ ಧೈರ್ಯ ಬರುತ್ತದೆ.

ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಒಳ್ಳೆಯದು. ಆದರೆ ಒಂದು ತಪ್ಪು ತಿಳುವಳಿಕೆ ಬೇಡ. ಖಾಲಿ ಹುದ್ದೆಗಳನ್ನು ಕಚೇರಿಗೆ ತಿಳಿಸಬೇಕೆಂದು 1959ರ ಕಾನೂನು ವಿಧಿಸಿತೇ ಹೊರತು, ಅಲ್ಲಿ ಹೆಸರಿದ್ದವರನ್ನೇ ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. ಹೆಸರು ಬರೆಸಿ ಮನೆಯಲ್ಲಿ ಕುಳಿತರೆ ಕರೆ ಬರುವುದಿಲ್ಲ. 2015ರಿಂದ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಕೇಂದ್ರ ಸರಕಾರದ ಉಚಿತ ನೋಂದಣಿಯೂ ಇದೆ. ಮೊಬೈಲಿನಲ್ಲಿ ಅದನ್ನು ತೆರೆದು ತುಂಬಿಕೊಡುವುದು ನಮ್ಮ ಕಾಲೇಜು ಮಕ್ಕಳಿಗೆ ಅರ್ಧ ಗಂಟೆಯ ಕೆಲಸ.

ಇನ್ನು ತಂದೆ. ಗೌಂಡಿ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಕೊಟ್ಟರೆ ಗುರುತಿನ ಚೀಟಿ ಸಿಗುತ್ತದೆ. ಅದರಿಂದ ಮಕ್ಕಳ ಓದು, ಕಾಯಿಲೆ, ಅಪಘಾತ ಮುಂತಾದವುಗಳಿಗೆ ನೆರವು ದೊರೆಯುತ್ತದೆ. ಕೆಲಸ ಮಾಡದವರು ಈ ಚೀಟಿ ಮಾಡಿಸಿಕೊಂಡರೆ ನಿಜವಾದ ಕಾರ್ಮಿಕನ ಪಾಲನ್ನು ಕದ್ದಂತೆ. ಇದನ್ನು ಆತ್ಮಸಾಕ್ಷಿಯ ಪ್ರಶ್ನೆಯಾಗಿ ಕಾಣಬೇಕು.

ಕೊನೆಗೆ ತಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಬಸ್ಸಿನ ದುಡ್ಡು ಉಳಿಯಿತು, ನಿಜ. ಆದರೆ ಎರಡು ಬಸ್ಸಿಗೆ ಕಾಯುವ ಹೊತ್ತು ಉಳಿಯಲಿಲ್ಲ. ಆ ಹೊತ್ತಿನಲ್ಲಿ ಸಣ್ಣ ಮಗುವನ್ನು ನೋಡಿಕೊಳ್ಳುವವರು ಯಾರು? ತರಬೇತಿಗೆ ಸೇರಿದ ಎಷ್ಟೋ ತಾಯಂದಿರು ನಡುವೆ ಬಿಡುವುದಕ್ಕೆ ಕಾರಣ ಬುದ್ಧಿಯಲ್ಲ, ತೊಟ್ಟಿಲು.

ನಗರದ ಬಡವರ ಸ್ವಯಂ ಉದ್ಯೋಗಕ್ಕೆಂದು 1989ರಲ್ಲಿ ನೆಹರೂ ರೋಜಗಾರ ಯೋಜನೆ, 1997ರಲ್ಲಿ ಸ್ವರ್ಣ ಜಯಂತಿ ಶಹರಿ ರೋಜಗಾರ ಯೋಜನೆ, 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂದವು. ಯೋಜನೆಯ ಹೆಸರು ಬದಲಾಗುತ್ತಿರುತ್ತದೆ. ಹೆಸರನ್ನು ಬಾಯಿಪಾಠ ಮಾಡಬೇಕಿಲ್ಲ. ಮಹಾನಗರ ಪಾಲಿಕೆಗೆ ಹೋಗಿ "ಈಗ ಯಾವ ತರಬೇತಿ ನಡದೈತಿ, ಯಾವ ಸಾಲ ಐತಿ?" ಎಂದು ಕೇಳುವ ರೂಢಿ ಬೆಳೆಸಿಕೊಂಡರೆ ಸಾಕು. ಹತ್ತಿರದ ಹಳ್ಳಿಗಳಲ್ಲಿ ನೆಂಟರಿದ್ದರೆ ಅವರಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯ ವಿಷಯ ತಿಳಿಸಿರಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆ ಮುಖ್ಯವಾಗಿ ಗ್ರಾಮೀಣ ಯುವಜನರಿಗೆ ಊಟ-ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ, ತರಬೇತಿಯ ನಂತರವೂ ಅವರ ಬೆನ್ನ ಹಿಂದೆ ನಿಲ್ಲುತ್ತದೆ.

ಬೆಂಗೇರಿ ಕಲಿಸುವ ಪಾಠ

ತಾಯಂದಿರ ಕೈಕಸುಬಿಗೆ ನಮ್ಮೂರಿನ ದೊಡ್ಡ ಉದಾಹರಣೆ ಬೆಂಗೇರಿ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. 2006ರಲ್ಲಿ ರಾಷ್ಟ್ರಧ್ವಜ ತಯಾರಿಕೆಗೆ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆ ಅದಕ್ಕೆ ದೊರೆಯಿತು. ನೂಲುವವರು, ಹೊಲಿಯುವವರು ಬಹುಪಾಲು ಹೆಣ್ಣುಮಕ್ಕಳೇ. ಧ್ವಜದ ಉದ್ದ-ಅಗಲದ ಅಳತೆ 3ಕ್ಕೆ 2 ಇರಬೇಕು. ಬಣ್ಣ, ನೂಲಿನ ಎಣಿಕೆ, ಹೊಲಿಗೆ ಎಲ್ಲಕ್ಕೂ ನಿಯಮವಿದೆ. ತಪ್ಪಿದರೆ ಆ ಧ್ವಜ ಹೊರಗೆ ಹೋಗುವಂತಿಲ್ಲ. ಸಾಮಾನ್ಯ ಮನೆತನದ ಹೆಣ್ಣುಮಕ್ಕಳು ಕಲಿತರೆ ಎಷ್ಟು ನಿಖರವಾದ ಕೆಲಸ ಮಾಡಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ಬದಲಾಯಿತು. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಗಳಿಗೂ ಅನುಮತಿ ಸಿಕ್ಕಿತು. 2022ರಲ್ಲಿ ಮನೆಮನೆಯಲ್ಲಿ ಧ್ವಜ ಹಾರಿಸುವ ಸಂಭ್ರಮದ ವರ್ಷದಲ್ಲೇ ಬೆಂಗೇರಿಯ ಸಂಘ ತನ್ನ ಬೇಡಿಕೆ ಕುಸಿಯಿತೆಂದು ಅಳಲು ತೋಡಿಕೊಳ್ಳಬೇಕಾಯಿತು. ಕೈಯಲ್ಲಿ ಕಸುಬು ಇದ್ದರೆ ಸಾಲದು, ಕೊಳ್ಳುವವರೂ ಬೇಕು. ನಾವು ಹೊಲಿಗೆ ಯಂತ್ರ ದಾನ ಮಾಡಿ, ಫೋಟೊ ತೆಗೆಸಿಕೊಂಡು, ನಮ್ಮ ಮಕ್ಕಳ ಬಟ್ಟೆಗಳನ್ನು ದೊಡ್ಡ ಅಂಗಡಿಯಲ್ಲೇ ಕೊಂಡರೆ ಆ ಯಂತ್ರ ಮೂಲೆ ಸೇರುತ್ತದೆ. ಯೊಪ್ಪದ ತಬಿಥಾ ವಿಧವೆಯರಿಗಾಗಿ ಬಟ್ಟೆ ಹೊಲಿಯುತ್ತಿದ್ದಳೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಇಂದು ಹೊಲಿಯುವ ವಿಧವೆಗೆ ಗಿರಾಕಿಯಾಗುವುದು ನಮ್ಮ ಪಾಲಿನ ಸೇವೆ.

ನಾವು ಮಾಡಬಹುದಾದದ್ದು

1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಮತ್ತು ಅವರ ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮುಖ್ಯ ಕೆಲಸ ಬಡವರ ಮನೆಗೆ ಹೋಗಿ ಭೇಟಿಯಾಗುವುದು. ಅಂಥ ಭೇಟಿಗೆ ಹೋದಾಗ ಅಕ್ಕಿ ಚೀಲದ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಒಯ್ಯೋಣ. ಮನೆಯಲ್ಲಿ ಯಾರು ಎಲ್ಲಿಯವರೆಗೆ ಓದಿದ್ದಾರೆ, ಯಾವ ಕೆಲಸ ಬಲ್ಲರು, ಯಾವ ಕಾಗದ ಇಲ್ಲ ಎಂದು ಬರೆದುಕೊಳ್ಳೋಣ.

ಕಾಗದಗಳೇ ಎಷ್ಟೋ ಸಲ ಮೊದಲ ತಡೆ. ಹೊಸ ಮನೆಗೆ ಬಂದವರ ಆಧಾರ್ ಚೀಟಿ, ರೇಷನ್ ಕಾರ್ಡುಗಳಲ್ಲಿ ಹಳೆಯ ವಿಳಾಸವೇ ಇರುತ್ತದೆ. ಜಾತಿ-ಆದಾಯ ಪ್ರಮಾಣಪತ್ರ ಇರುವುದಿಲ್ಲ, ಅಂಕಪಟ್ಟಿ ಮಳೆಗೆ ನೆಂದಿರುತ್ತದೆ. ಇವುಗಳನ್ನು ಒಂದೊಂದಾಗಿ ಸರಿಪಡಿಸಲು ನಾಡಕಚೇರಿಗೆ ಜೊತೆಯಲ್ಲಿ ಹೋಗುವ ಒಬ್ಬ ನಿವೃತ್ತ ನೌಕರರು ಪ್ರತಿ ಧರ್ಮಕೇಂದ್ರದಲ್ಲೂ ಸಿಕ್ಕಾರು. ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ದುಡಿದು ವಿಶ್ರಾಂತರಾದ ಹಿರಿಯರೇ, ನಿಮ್ಮ ಅನುಭವಕ್ಕೆ ಇನ್ನೂ ಕೆಲಸವಿದೆ.

ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ನಾಲ್ಕು ತಾಯಂದಿರು ಸರದಿ ಹಾಕಿಕೊಂಡರೆ ಮೂವರು ತರಬೇತಿಗೆ ಹೋಗಬಹುದು. ಅಂಗಡಿ-ವರ್ಕ್‌ಶಾಪು ನಡೆಸುವ ಕಥೋಲಿಕರು ವರ್ಷಕ್ಕೆ ಒಬ್ಬ ಹುಡುಗನಿಗೆ ಕಸುಬು ಕಲಿಸಬಹುದು. ಅವನು ಯಾವ ಧರ್ಮದವನೆಂದು ಕೇಳಬೇಕಿಲ್ಲ. ಮನೆಗೆಲಸದವರನ್ನು ಇಟ್ಟುಕೊಂಡವರು ಮೊದಲು ತಮ್ಮ ಮನೆಯನ್ನೇ ಪರೀಕ್ಷಿಸಿಕೊಳ್ಳಲಿ. ದುಡಿದವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕೆಂಬ ವಿಧಿ ಧರ್ಮೋಪದೇಶಕಾಂಡದಷ್ಟು ಹಳೆಯದು. ಅವಳು ದೂರದ ಹೊಸ ಮನೆಯಿಂದ ಬರುವವಳಾದರೆ ಅರ್ಧ ಗಂಟೆ ತಡವಾದದ್ದಕ್ಕೆ ಬಿಡಿಸುವ ಬದಲು ಕೆಲಸದ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬಾರದೇ? ನಾವು ಆರಂಭದಲ್ಲಿ ಕಂಡ ತಾಯಿ ಮೂರು ಮನೆಗಳ ಕೆಲಸ ಕಳೆದುಕೊಂಡಳು. ಆ ಮೂರರಲ್ಲಿ ಒಂದು ನಮ್ಮದೇ ಆಗಿರಬಹುದು.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಓದು ಮುಗಿಸಿ ಕೆಲಸವಿಲ್ಲದೆ ಇರುವ ಯುವಕ-ಯುವತಿಯರು ಯಾರು? ಅವರ ಜೊತೆ ಕುಳಿತು ಕಾರಣ ಕೇಳಿದ್ದೇವೆಯೇ, ಅಥವಾ ಬುದ್ಧಿವಾದ ಮಾತ್ರ ಹೇಳಿದ್ದೇವೆಯೇ?

2. ಕೈಕಸುಬು ಕಲಿಯುವುದು ಕಾಲೇಜಿಗಿಂತ ಕೀಳು ಎಂಬ ಭಾವನೆ ನಮ್ಮಲ್ಲಿದೆಯೇ? ಯೇಸುಸ್ವಾಮಿಯನ್ನು ಊರಿನವರು ಬಡಗಿಯೆಂದೇ ಗುರುತಿಸುತ್ತಿದ್ದರೆಂಬುದನ್ನು ಮಕ್ಕಳಿಗೆ ನೆನಪಿಸಿದ್ದೇವೆಯೇ?

3. ನಮ್ಮ ಮನೆಯಲ್ಲಿ ದುಡಿಯುವವರಿಗೆ ಹೊತ್ತಿಗೆ ಸರಿಯಾಗಿ ಪಗಾರ, ವಾರಕ್ಕೊಂದು ಬಿಡುವು, ಒಳ್ಳೆಯ ಮಾತು ಸಿಗುತ್ತಿವೆಯೇ?

4. ಈ ತಿಂಗಳು ಒಬ್ಬರ ಒಂದು ಕಾಗದ, ಒಂದು ಅರ್ಜಿ, ಒಂದು ಭೇಟಿ, ಇವುಗಳಲ್ಲಿ ಯಾವುದನ್ನು ನಮ್ಮ ಕುಟುಂಬ ವಹಿಸಿಕೊಳ್ಳುತ್ತದೆ?

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಆ ತಾಯಿ ಮತ್ತೆ ನಿಂತಿರುತ್ತಾಳೆ. "ಛಲೋ ಆತು ಬಿಡು" ಎಂದು ಹೇಳಿ ಮುಂದೆ ನಡೆಯುವುದು ಸುಲಭ. ಅದರ ಬದಲು, "ನಾಳೆ ಸೋಮವಾರ ಮಗನ ಮಾರ್ಕ್ಸ್ ಕಾರ್ಡ್ ತಗೊಂಡು ಬಾರವ್ವಾ, ಕೂಡಿ ಹೋಗೂಣು" ಎಂದು ಹೇಳೋಣ. ಹೇಳಿದ ಮೇಲೆ ಸೋಮವಾರ ಹೋಗೋಣ.